ಕಾಯಿಯೋ, ಹಣ್ಣೋ?

ಆರ್.ಕೆ. ನಾರಾಯಣ್ ಅವರ ‘ಸ್ವಾಮಿ ಅಂಡ್ ಫ್ರೆಂಡ್ಸ್’ (1935) ಓದಿದವರೆಲ್ಲ ನೆನೆದು ನಗುವ ಒಂದು ಪ್ರಸಂಗವಿದೆ. ರಾಮನ ಹತ್ತಿರ ಹತ್ತು ಮಾವು, ಅವುಗಳಿಂದ ಅವನಿಗೆ ಹದಿನೈದು ಆಣೆ ಬರಬೇಕು. ಕೃಷ್ಣನಿಗೆ ನಾಲ್ಕೇ ಸಾಕು. ಅವನು ಎಷ್ಟು ಕೊಡಬೇಕು? ಅಪ್ಪ ಕೇಳುತ್ತಾರೆ. ಸ್ವಾಮಿ ಬಹಳ ಹೊತ್ತು ಯೋಚಿಸಿ, ಮಾವು ಹಣ್ಣಾಗಿತ್ತೇ ಎಂದು ತಿರುಗಿ ಕೇಳುತ್ತಾನೆ. ಹುಡುಗ ದಡ್ಡ, ಆದರೆ ಮುದ್ದು ಎಂದುಕೊಂಡು ನಾವು ಪುಟ ತಿರುಗಿಸುತ್ತೇವೆ.

ಈ ನಗುವಿನ ಬಗ್ಗೆ ನನ್ನ ತಕರಾರಿದೆ. ಸಂತೆಗೆ ಹೋದ ಯಾರೇ ಆದರೂ ಮೊದಲು ಕೇಳುವ ಪ್ರಶ್ನೆ ಅದೇ. ಕಾಯಿಗೆ ಹಣ್ಣಿನ ಬೆಲೆ ಹೇಳುವುದು ಅನ್ಯಾಯವಲ್ಲವೇ? ಇಂಗ್ಲಿಷಿನ ‘ಮ್ಯಾಂಗೋ’ ಇದನ್ನು ಮುಚ್ಚಿಡುತ್ತದೆ. ಕನ್ನಡದಲ್ಲಾದರೆ ಮಾವಿನಕಾಯಿಯೋ ಮಾವಿನಹಣ್ಣೋ ಎಂದು ಮೇಷ್ಟ್ರು ಮೊದಲೇ ಬಾಯಿಬಿಡಬೇಕು. ಉರ್ದುವಿನಲ್ಲೂ ಕಾಯಿಗೆ ‘ಕೈರಿ’ ಎಂಬ ಬೇರೆ ಹೆಸರೇ ಇದೆ. ಸ್ವಾಮಿಗೆ ಕತೆ ಕಟ್ಟಲು ಬರುತ್ತದೆ, ಮನುಷ್ಯರನ್ನು ಅಳೆಯಲು ಬರುತ್ತದೆ. ತ್ರೈರಾಶಿ ಬರುವುದಿಲ್ಲ, ಅಷ್ಟೆ. ಕೊನೆಗೆ ಆರಾಣೆ ಎಂಬ ಸರಿಯುತ್ತರವನ್ನೇ ಹೇಳಿ ಅತ್ತುಬಿಡುತ್ತಾನೆ. ನಾರಾಯಣ್ ಆ ಅಳುವನ್ನು ತಮಾಷೆಯಲ್ಲಿ ತೇಲಿಸಿ ಮುಂದೆ ಹೋಗುತ್ತಾರೆ. ಅಲ್ಲಿ ಅವರು ಇನ್ನೂ ಸ್ವಲ್ಪ ನಿಲ್ಲಬೇಕಿತ್ತು.

ಕತೆಗೂ ಲೆಕ್ಕಕ್ಕೂ ನಮ್ಮಲ್ಲಿ ಹಳೆಯ ನಂಟು. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷನ ಕಾಲದಲ್ಲಿ, ಮಹಾವೀರಾಚಾರ್ಯರು ಬರೆದ ‘ಗಣಿತಸಾರಸಂಗ್ರಹ’ದ ಲೆಕ್ಕಗಳು ಪದ್ಯದಲ್ಲಿವೆ, ಅವುಗಳಲ್ಲಿ ದುಂಬಿ, ಆನೆ, ಹಣ್ಣುಗಳಿವೆ.

ಮಿಡಿಗೇಶಿ ಕಡೆಯ ಉರ್ದು ಮನೆಯ ಮಗುವಿಗೆ ಇನ್ನೊಂದು ತೊಡಕು. ಕನ್ನಡದ ಎಪ್ಪತ್ತೊಂಬತ್ತರಲ್ಲಿ ಎಪ್ಪತ್ತೂ ಒಂಬತ್ತೂ ಸ್ಪಷ್ಟವಾಗಿ ಕೇಳಿಸುತ್ತವೆ. ಉರ್ದುವಿನ ‘ಉನಾಸಿ’ ಎಂದರೆ ಎಂಬತ್ತಕ್ಕೆ ಒಂದು ಕಡಿಮೆ. ಎಂಬತ್ತೊಂಬತ್ತಕ್ಕೆ ಬಂದರೆ ಆ ನಿಯಮವೂ ಕೈಕೊಟ್ಟು ‘ನವಾಸಿ’ ಆಗುತ್ತದೆ. ಅಕ್ಷರ ಓದುವುದು ಬಲದಿಂದ ಎಡಕ್ಕೆ, ಅಂಕಿ ಎಡದಿಂದ ಬಲಕ್ಕೆ. ಇಷ್ಟನ್ನೂ ಸಂಭಾಳಿಸಿ ಎರಡು ಭಾಷೆಯಲ್ಲಿ ಕತೆ ಹೇಳಬಲ್ಲ ಮಗುವಿಗೆ ‘ತಲೆ ಇಲ್ಲ’ ಎನ್ನುವುದು ನಮಗೆ ಎಷ್ಟು ಸಲೀಸು!

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಅಂಕಿಗಳು ತಲೆಗೆ ಹತ್ತದ ‘ಡಿಸ್‌ಕ್ಯಾಲ್ಕುಲಿಯಾ’ವನ್ನು ಕಲಿಕೆಯ ನ್ಯೂನತೆಗಳಲ್ಲಿ ಹೆಸರಿಸಿದೆ. ಒಳ್ಳೆಯದೇ. ಆದರೆ ಸ್ವಾಮಿಗೆ ಆ ಚೀಟಿ ಅಂಟಿಸಲು ನನಗೆ ಮನಸ್ಸಿಲ್ಲ. ಅವನಿಗೆ ಬೇಕಿದ್ದದ್ದು ಅವನ ಪ್ರಶ್ನೆಗೆ ಒಂದು ಉತ್ತರ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದ ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಎಸ್ಸೆಸ್ಸೆಲ್ಸಿ ಶೇಕಡಾವಾರು ಫಲಿತಾಂಶ ತುಮಕೂರಿನಿಂದ ಬೇರೆಯಾಗಿಯೇ ಪ್ರಕಟವಾಗುತ್ತದೆ. ಗಣಿತವೊಂದರಲ್ಲೇ ಉಳಿದ ಹುಡುಗಿ ಕನ್ನಡದಲ್ಲಿ ಎಷ್ಟು ತೆಗೆದಿದ್ದಳೆಂದು ಅಲ್ಲಿ ಯಾರೂ ಕೇಳುವುದಿಲ್ಲ. ಅವಳ ಮನೆಗೆ ಮದುವೆಯ ಮಾತು ಮಾತ್ರ ಬೇಗ ಬರುತ್ತದೆ.