ಮೂರು ತಾಲೂಕಿಗೊಂದು ವಾಹಿನಿ

ಇನ್ನೂ ಹುಟ್ಟದ ವಾಹಿನಿಗೆ ಕಾರ್ಯಕ್ರಮ ಪಟ್ಟಿ ಬರೆಯುವುದು ನನಗೆ ಬಲು ಪ್ರೀತಿಯ ಕಸುಬು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗೆಂದು ಒಂದನ್ನು ಕಟ್ಟಲು ಕೂತರೆ ಮೊದಲು ಮುರಿದುಬೀಳುವುದು ಅರ್ಧ ಗಂಟೆಯ ಚೌಕಟ್ಟು.

ಮೂಡುಬಿದಿರೆಯ ಕೋಟಿ-ಚೆನ್ನಯ ಕಂಬಳವನ್ನೇ ನೋಡಿ. ಕನೆಹಲಗೆ, ಅಡ್ಡಹಲಗೆ, ಹಗ್ಗ, ನೇಗಿಲು ಎಂಬ ಓಟದ ವಿಭಾಗಗಳಲ್ಲಿ ಬೆಳಗ್ಗೆ ಶುರುವಾದದ್ದು ಮರುದಿನಕ್ಕೂ ಚಾಚುತ್ತದೆ. ಕಂಬಳಗಳನ್ನು ನಮ್ಮ ಸ್ಥಳೀಯ ವಾಹಿನಿಗಳು, ಯೂಟ್ಯೂಬ್ ತಂಡಗಳು ನೇರಪ್ರಸಾರ ಮಾಡುತ್ತವೆ. ಓಟ ಕೆಲವೇ ಸೆಕೆಂಡಿನದು. ಓಟ ಶುರುವಾಗುವ ಗಂತಿನಲ್ಲಿ ಕೋಣಗಳನ್ನು ನಿಲ್ಲಿಸುವುದಕ್ಕೇ ಎಷ್ಟೋ ನಿಮಿಷ. ಆ ಹೊತ್ತಿಗೆ ವೀಕ್ಷಕ ವಿವರಣೆಯವರು ಕೋಣಗಳ ಹೆಸರು, ಯಜಮಾನರ ಮನೆತನ, ಓಡಿಸುವವರ ಊರು ಹೇಳುತ್ತಾರೆ. ದೊಡ್ಡ ವಾಹಿನಿಯ ಸಂಪಾದಕ ಕತ್ತರಿಸಿಬಿಡುವ ಈ ಕಾಯುವಿಕೆಯೇ ಕಂಬಳದ ಅರ್ಧ ಜೀವ. ಅದನ್ನು ಉಳಿಸಿಕೊಂಡವರಿಗೆ ನನ್ನ ನಮಸ್ಕಾರ.

ಇರುಳು ಯಕ್ಷಗಾನ. ಧರ್ಮಸ್ಥಳ ಮೇಳ ಈಗ ಕಾಲಮಿತಿಯಲ್ಲಿ ಆಡುವುದರಿಂದ ನಡುರಾತ್ರಿಯ ಬಳಿಕ ಜಾಗ ಉಳಿಯುತ್ತದೆ, ಅದು ತಾಳಮದ್ದಳೆಗೆ. ವಾರ್ತೆ ತುಳು, ಕನ್ನಡ, ಬ್ಯಾರಿ, ಕೊಂಕಣಿಯಲ್ಲಿ. ಪೊಳಲಿ ಜಾತ್ರೆಯ ಚೆಂಡಿನಾಟದ ದಿನಗಳಿಗೆ ಸಂಜೆಯೆಲ್ಲ ಮೀಸಲು.

ಪಟ್ಟಿಯಲ್ಲಿ ನನಗೆ ಅತಿ ಮೆಚ್ಚಿನ ಸಾಲು ವೇಣೂರಿನದು. 1604ರಲ್ಲಿ ನಿಂತ ಬಾಹುಬಲಿಗೆ ಹನ್ನೆರಡು ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕ, ಕಳೆದದ್ದು 2024ರಲ್ಲಿ. ವಾರಕ್ಕೊಮ್ಮೆ, ತಿಂಗಳಿಗೊಮ್ಮೆ ಎಂಬ ಅಂಕಣಗಳ ಪಕ್ಕದಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ಎಂಬುದನ್ನೂ ಗೆರೆ ಎಳೆದು ಸೇರಿಸಿ, 2036 ಎಂದು ಬರೆದಿಟ್ಟಿದ್ದೇನೆ.