ಪಟ್ಟಿಯಿಂದ ಹೊರಬಿದ್ದವನು

ಜುಡಿತ್ ಹರ್ಮನ್ ಅವರ ‘ಟ್ರಾಮಾ ಅಂಡ್ ರಿಕವರಿ’ (1992) ಪುಸ್ತಕವನ್ನು ನನ್ನ ಪಿಎಚ್‌ಡಿಗಾಗಿ ಓದುವಾಗ ಹೆಚ್ಚು ಹೊತ್ತು ನಿಂತದ್ದು ಅದರೊಳಗಿನ ಒಂದು ಪಟ್ಟಿಯ ಮುಂದೆ. ಅಮೆರಿಕದ ಈ ಮನೋವೈದ್ಯೆ ಅಲ್ಲಿ ‘ಕಾಂಪ್ಲೆಕ್ಸ್ ಪಿಟಿಎಸ್‌ಡಿ’ ಎಂಬ ಹೊಸ ಹೆಸರನ್ನು ಮುಂದಿಡುತ್ತಾರೆ. ಒಂದು ಅಪಘಾತದಿಂದ ಆಗುವ ಆಘಾತ ಬೇರೆ. ತಪ್ಪಿಸಿಕೊಳ್ಳಲಾಗದ ಸೆರೆಯಲ್ಲೋ ಮನೆಯಲ್ಲೋ ವರ್ಷಗಟ್ಟಲೆ ಇನ್ನೊಬ್ಬರ ಹಿಡಿತದಲ್ಲಿ ಬದುಕಿದವರಿಗೆ ಆಗುವುದು ಬೇರೆ ಎಂಬುದು ಅವರ ವಾದ. ಅಂಥ ಎಷ್ಟೋ ಹೆಂಗಸರಿಗೆ ಆಗ ‘ಬಾರ್ಡರ್‌ಲೈನ್ ವ್ಯಕ್ತಿತ್ವ’ದ ಹಣೆಪಟ್ಟಿ ಸಿಗುತ್ತಿತ್ತು. ಅವಳಿಗೆ ಏನಾಯಿತೆಂದು ಕೇಳುವ ಮೊದಲೇ ಅವಳ ಸ್ವಭಾವವೇ ಸರಿಯಿಲ್ಲವೆಂದು ಬರೆದಾಗಿರುತ್ತಿತ್ತು.

ಪಟ್ಟಿಯಲ್ಲಿ ಏಳು ಅಂಶಗಳಿವೆ. ಮೊದಲನೆಯದು ಲಕ್ಷಣವೇ ಅಲ್ಲ, ಚರಿತ್ರೆ: ದೀರ್ಘಕಾಲ ಸರ್ವಾಧಿಕಾರದಂಥ ಹಿಡಿತದಲ್ಲಿ ಇದ್ದದ್ದು. ಐದನೆಯದು ಹಿಂಸಿಸಿದವನನ್ನು ಆಕೆ ಹೇಗೆ ಕಾಣುತ್ತಾಳೆ ಎಂಬುದು. ಸೇಡಿನ ಯೋಚನೆ, ಅವನು ಸರ್ವಶಕ್ತನೆಂಬ ಭಾವನೆ, ಕೆಲವೊಮ್ಮೆ ಕೃತಜ್ಞತೆ ಕೂಡ. ಅವನ ಶಕ್ತಿಯನ್ನು ಅಳೆಯುವುದರಲ್ಲಿ ವೈದ್ಯರಿಗಿಂತ ಆಕೆಯ ಅಂದಾಜೇ ಸರಿಯಿದ್ದೀತು ಎಂಬ ಎಚ್ಚರಿಕೆಯನ್ನೂ ಹರ್ಮನ್ ಅಲ್ಲೇ ಸೇರಿಸುತ್ತಾರೆ. ರೋಗಲಕ್ಷಣಗಳ ಪಟ್ಟಿಯೊಳಗೆ ವೈದ್ಯರಿಗೇ ಎಚ್ಚರಿಕೆ! ಇಡೀ ಪುಸ್ತಕದ ನಿಲುವು ನನಗೆ ಸಿಕ್ಕಿದ್ದು ಆ ಒಂದು ಸಾಲಿನಲ್ಲಿ.

ಅಮೆರಿಕದ ಡಿಎಸ್‌ಎಂ ಕೈಪಿಡಿ 1994ರಲ್ಲೂ 2013ರಲ್ಲೂ ಇದನ್ನು ಪ್ರತ್ಯೇಕ ಕಾಯಿಲೆಯಾಗಿ ಒಪ್ಪಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಒಪ್ಪಿತು. ಅದು 2022ರಿಂದ ಜಾರಿಯಲ್ಲಿದೆ. ಪಿಟಿಎಸ್‌ಡಿಯ ಲಕ್ಷಣಗಳ ಜೊತೆಗೆ ಇನ್ನು ಮೂರು ಇರಬೇಕು: ಭಾವನೆಗಳು ಹತೋಟಿಗೆ ಸಿಗದಿರುವುದು, ತಾನು ಕೆಲಸಕ್ಕೆ ಬಾರದವಳೆಂಬ ನಂಬಿಕೆ, ಸಂಬಂಧಗಳನ್ನು ಉಳಿಸಿಕೊಳ್ಳುವ ಕಷ್ಟ. ಇದರ ಉಪಯೋಗವನ್ನು ಅಲ್ಲಗಳೆಯಲಾರೆ. ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲಿ ಚಿಕ್ಕ ಪಟ್ಟಿಯೇ ಕೈಗೆ ಒದಗುವುದು. ಚಿತ್ರಹಿಂಸೆ, ಗುಲಾಮಗಿರಿ, ಕೌಟುಂಬಿಕ ದೌರ್ಜನ್ಯ ಎಂದು ಕಾರಣಗಳ ಉದಾಹರಣೆಗಳೂ ಅಲ್ಲಿವೆ. ಆದರೆ ಹರ್ಮನ್ ಅವರ ಐದನೆಯ ಅಂಶಕ್ಕೆ ಸಮನಾದ ಲಕ್ಷಣ ಅಲ್ಲಿಲ್ಲ. ಶಾಲೆಯಲ್ಲಿ ಕರ್ತರಿ ವಾಕ್ಯವನ್ನು ಕರ್ಮಣಿಗೆ ತಿರುಗಿಸುತ್ತಿದ್ದೆವಲ್ಲ, ಹಾಗೆ. ‘ಅವನು ಅವಳನ್ನು ಹೊಡೆದನು’ ಎಂಬುದು ‘ಅವಳು ಹೊಡೆಯಲ್ಪಟ್ಟಳು’ ಆಗುತ್ತದೆ. ‘ಅವನಿಂದ’ ಎಂಬುದನ್ನು ಬಿಟ್ಟರೂ ವಾಕ್ಯ ಪೂರ್ಣವಾಗಿಯೇ ಕಾಣುತ್ತದೆ.

ಇದು ಬರೀ ವ್ಯಾಕರಣದ ತಕರಾರಲ್ಲ. ಚೇತರಿಕೆಯ ಮೊದಲ ಹಂತವೆಂದು ಹರ್ಮನ್ ಹೇಳುವುದು ನೆನಪುಗಳನ್ನು ಕೆದಕುವುದನ್ನಲ್ಲ, ಸುರಕ್ಷತೆಯನ್ನು. ಎದುರಿಗೆ ಕೂತವಳು ಸಂಜೆ ಅದೇ ಮನೆಗೆ ಹಿಂದಿರುಗಬೇಕೇ, ಅಲ್ಲಿ ಯಾರಿದ್ದಾರೆ ಎಂಬ ಪ್ರಶ್ನೆಗೆ ಲಕ್ಷಣಗಳ ಆ ಮೂರು ಸಾಲುಗಳಲ್ಲಿ ಜಾಗವಿಲ್ಲ.