ಅಂಗುಲದೆತ್ತರದ ವೀರರನ್ನು ನೋಡುವ ಬಗೆ

ಯಾವ ಕಲೆಯನ್ನು ಆಸ್ವಾದಿಸಬೇಕಾದರೂ ರಸಿಕನಾದವನು ಮೊದಲು ತಿಳಿಯಬೇಕಾದದ್ದು, ಅದನ್ನು ಎಷ್ಟು ದೂರದಿಂದ ನೋಡತಕ್ಕದ್ದು ಎಂಬುದನ್ನು. ಬೇಲೂರಿನ ಮದನಿಕೆಯರು ಕಂಬದ ನೆತ್ತಿಯಿಂದ ಮುಂದಕ್ಕೆ ಬಾಗಿರುವುದು ಕೆಳಗೆ ನಿಂತವನ ದೃಷ್ಟಿಗಾಗಿ. ನವರಾತ್ರಿಯ ಮೆಟ್ಟಿಲುಗಳ ಮೇಲೆ ಬೊಂಬೆಗಳನ್ನು ಕೂರಿಸುವುದು ನಡುಮನೆಗೆ ಕಾಲಿಟ್ಟವರ ದೃಷ್ಟಿಗಾಗಿ. ಯುದ್ಧದಾಟದ ಮೇಜಿನ ಮೇಲೆ ಸಾಲುಗಟ್ಟಿ ನಿಲ್ಲುವ, ಗಿರಾಕಿಯ ಅಪೇಕ್ಷೆಯಂತೆ ಬಣ್ಣ ತಳೆದ ಪುಟ್ಟ ಸೈನಿಕರಾದರೋ ಎರಡು ದೂರಗಳಿಗೆ ಏಕಕಾಲದಲ್ಲಿ ಉತ್ತರ ಕೊಡಬೇಕಾದವರು: ಆಡುವವನಿಗೆ ಅವರು ಎರಡು ಮೂರು ಅಡಿಗಳಾಚೆ ಇರುತ್ತಾರೆ, ಕೈಗೆತ್ತಿಕೊಂಡ ಗೆಳೆಯನಿಗೆ ಗೇಣು ದೂರದಲ್ಲಿ.

ಗೊಂಬೆ ಸೈನಿಕರನ್ನಿಟ್ಟುಕೊಂಡು ಯುದ್ಧವಾಡುವ ಹವ್ಯಾಸವು ನಿನ್ನೆ ಮೊನ್ನೆಯದಲ್ಲ. ಇಂಗ್ಲಿಷ್ ಕಾದಂಬರಿಕಾರ ಎಚ್. ಜಿ. ವೆಲ್ಸ್ 1913ರಲ್ಲಿಯೇ ಅದಕ್ಕೆ ನಿಯಮಗಳನ್ನು ರಚಿಸಿ 'ಲಿಟಲ್ ವಾರ್ಸ್' ಎಂಬ ಪುಸ್ತಕವನ್ನು ಪ್ರಕಟಿಸಿದ್ದನು. ಈಗ ಅನೇಕ ದೇಶಗಳ ತರುಣರು ಆಡುತ್ತಿರುವ 'ವಾರ್‌ಹ್ಯಾಮರ್', ಬ್ರಿಟನ್ನಿನ ಗೇಮ್ಸ್ ವರ್ಕ್‌ಶಾಪ್ ಸಂಸ್ಥೆಯಿಂದ 1983ರಲ್ಲಿ ಹೊರಬಂದಿತು. ಪ್ಲಾಸ್ಟಿಕ್ಕಿನಿಂದಲೋ ರೆಸಿನ್ನಿನಿಂದಲೋ ಲೋಹದಿಂದಲೋ ಎರಕಗೊಂಡ, ಮಿನಿಯೇಚರುಗಳೆಂಬ ಈ ಪುಟ್ಟ ಬೊಂಬೆಗಳು ಸಾಮಾನ್ಯವಾಗಿ ಬಿಡಿಬಿಡಿ ಅಂಗಗಳಾಗಿ, ಬಣ್ಣವಿಲ್ಲದೆ ಕೈಸೇರುತ್ತವೆ. ಜೋಡಿಸಿ ಬಣ್ಣ ಹಚ್ಚುವ ಭಾರ ಕೊಂಡವನದು. ಅದಕ್ಕೆ ವೇಳೆಯಿಲ್ಲದವರೂ ಕೈ ಪಳಗದವರೂ ಇನ್ನೊಬ್ಬ ಚಿತ್ರಕಾರನಿಗೆ ಕೆಲಸವನ್ನೊಪ್ಪಿಸಿ, ಬೊಂಬೆಯೊಂದಕ್ಕೆ ಇಷ್ಟೆಂದು ಹಣ ಕೊಡುತ್ತಾರೆ. ಇದೇ ಕಮಿಷನ್ ಕೆಲಸ. ಆಟಕ್ಕೆ ಸಾಕಾಗುವ 'ಟೇಬಲ್‌ಟಾಪ್' ಮಟ್ಟವೆ, ಗಾಜಿನ ಕಪಾಟಿನಲ್ಲಿಡತಕ್ಕ 'ಡಿಸ್ಪ್ಲೇ' ಮಟ್ಟವೆ ಎಂಬುದು ಮೊದಲೇ ನಿಶ್ಚಯವಾಗಿರುತ್ತದೆ. ಮೊದಲನೆಯದಕ್ಕೆ ಬೆಲೆ ತೆತ್ತು ಎರಡನೆಯದನ್ನು ನಿರೀಕ್ಷಿಸುವುದು ನ್ಯಾಯವಲ್ಲ. ರಸಿಕನೂ ಕೃತಿಯನ್ನು ಅದು ಒಪ್ಪಿಕೊಂಡ ಮಟ್ಟದಿಂದಲೇ ಅಳೆಯತಕ್ಕದ್ದು.

ಆದ್ದರಿಂದ ಬೊಂಬೆಯನ್ನು ಒಡನೆ ಕೈಗೆತ್ತಿಕೊಳ್ಳಬೇಡಿರಿ. ಮೇಜಿನ ಮೇಲೆಯೇ ಬಿಟ್ಟು, ಕೈಚಾಚಿದರೆ ಎಟುಕುವಷ್ಟು ದೂರದಿಂದ ನೋಡಿರಿ. ಇವನು ಯಾವ ಪಕ್ಷದವನು, ಹಿಡಿದ ಆಯುಧ ಯಾವುದು, ಮುಖ ಎತ್ತ ತಿರುಗಿದೆ ಎಂಬುದು ಕ್ಷಣಮಾತ್ರದಲ್ಲಿ ತಿಳಿಯಬೇಕು; ತಿಳಿಯದಿದ್ದರೆ ಸಮೀಪದ ಸೂಕ್ಷ್ಮಗಳೆಲ್ಲ ವ್ಯರ್ಥ. ಸುಮಾರು 28 ಮಿಲಿಮೀಟರ್ ಎತ್ತರದ ಮೈಯ ಮೇಲೆ ಬೀಳುವ ನಿಜವಾದ ಬೆಳಕು, ಪೂರ್ಣಪ್ರಮಾಣದ ದೇಹದಲ್ಲಿ ಮೂಡಿಸುವಂಥ ಗಾಢವಾದ ನೆರಳನ್ನು ಮೂಡಿಸಲಾರದು. ಅದಕ್ಕಾಗಿ ಚಿತ್ರಕಾರನು ಬೆಳಕು ನೆರಳುಗಳನ್ನು ತಾನೇ ಬರೆಯಬೇಕು, ಪ್ರಕೃತಿಯಲ್ಲಿರುವುದಕ್ಕಿಂತ ಮಿಗಿಲಾಗಿಯೇ ಬರೆಯಬೇಕು. ಬಣ್ಣ ಹಿಡಿದು ನಿಲ್ಲಲೆಂದು ಮೊದಲು ಪ್ರೈಮರ್, ಅದರ ಮೇಲೆ ಮೂಲವರ್ಣ. ಬಳಿಕ ನೀರಾದ ಕಡುಬಣ್ಣದ ವಾಶ್ ಮಡಿಕೆಗಳೊಳಕ್ಕೆ ಇಳಿದು ನೆರಳಾಗುತ್ತದೆ. ಕೊನೆಗೆ ಉಬ್ಬುಗಳ ಮೇಲೂ ಅಂಚುಗಳ ಮೇಲೂ ತಿಳಿಬಣ್ಣದ ರೇಖೆಗಳು ಬೆಳಕಾಗುತ್ತವೆ. ದೂರದ ಪ್ರೇಕ್ಷಕನನ್ನು ನೆನೆದು ಯಕ್ಷಗಾನದ ಬಣ್ಣಗಾರಿಕೆಯು ಕಣ್ಣು ಹುಬ್ಬುಗಳನ್ನು ಹಿಗ್ಗಿಸುವುದನ್ನು ಕಂಡವರಿಗೆ ಈ ಉತ್ಪ್ರೇಕ್ಷೆಯ ಔಚಿತ್ಯವನ್ನು ವಿವರಿಸಬೇಕಾಗಿಲ್ಲ.

ಅನಂತರವೇ ಕೈಗೆತ್ತಿಕೊಳ್ಳುವುದು, ಅದೂ ತಳದ ಬೇಸನ್ನು ಹಿಡಿದು, ಬಣ್ಣದ ಮೈಯನ್ನು ಮುಟ್ಟದೆ. ಈಗ ಮುಖವನ್ನು ನೋಡಿರಿ. ನಾಲ್ಕೈದು ಮಿಲಿಮೀಟರುಗಳ ಆ ಕ್ಷೇತ್ರದಲ್ಲಿ ಎರಡು ಕಣ್ಣುಗಳೂ ಒಂದೇ ಕಡೆಗೆ ನೋಡುತ್ತಿವೆಯೆ, ಮೂಗಿನ ಕೆಳಗೆ, ತುಟಿಯ ಕೆಳಗೆ ನೆರಳು ನಿಂತಿದೆಯೆ ಎಂದು ಪರೀಕ್ಷಿಸಿರಿ. ಬಣ್ಣವು ದಪ್ಪನಾಗಿ ಕುಳಿತು ಶಿಲ್ಪದ ಗೆರೆಗಳನ್ನು ಮುಚ್ಚಿದ್ದರೆ ಅದು ಅವಸರದ ಲಕ್ಷಣ. ತೆಳುಲೇಪಗಳನ್ನು ಒಂದರ ಮೇಲೊಂದು ಕೊಟ್ಟ ಕೈ ಶಿಲ್ಪವನ್ನು ಗೌರವಿಸಿದ ಕೈ. ಲೋಹದ ಭಾಗಗಳಲ್ಲಿ ಎರಡು ಮಾರ್ಗಗಳುಂಟು. ಮೈಸೂರು ಶೈಲಿಯ ಚಿತ್ರಗಳಲ್ಲಿ ಚಿನ್ನದ ರೇಕು ನಿಜವಾಗಿಯೇ ಬೆಳಗುವಂತೆ, ಹೊಳಪಿನ ಕಣಗಳುಳ್ಳ ಬಣ್ಣ ತಾನಾಗಿಯೇ ಬೆಳಗುವುದು ಒಂದು. ಕಂದು, ಹಳದಿ, ಬಿಳಿಗಳೆಂಬ ಮಂಕು ಬಣ್ಣಗಳಿಂದಲೇ ಚಿನ್ನದ ಭ್ರಾಂತಿಯನ್ನು ಹುಟ್ಟಿಸುವುದು ಇನ್ನೊಂದು. ಎರಡನೆಯದು ದುಸ್ಸಾಧ್ಯವೆಂಬ ಕಾರಣದಿಂದ ಹೆಚ್ಚು ಪ್ರಶಂಸೆಗೆ ಪಾತ್ರವಾಗುತ್ತದೆ. ಆದರೆ ಅಲ್ಲಿ ಬರೆದ ಹೊಳಪು ಬರೆದಲ್ಲಿಯೇ ನಿಲ್ಲುವುದರಿಂದ, ಬೊಂಬೆಯನ್ನು ತಿರುಗಿಸಿದೊಡನೆ ಭ್ರಾಂತಿ ಸಡಿಲವಾಗುವುದುಂಟು. ಮೇಜಿನ ಮೇಲೆ ಸದಾ ತಿರುಗುವ ಸೈನಿಕನಿಗೆ ಮೊದಲನೆಯ ಮಾರ್ಗವೇ ಮೇಲೆಂದು ನನ್ನ ಮತ.

ಸಿಂಗಪುರದ ಉತ್ತರ ಭಾಗದ ಯಿಶುನ್‌ನಂಥ ಊರಿನಲ್ಲಿ ಈ ಕೆಲಸವನ್ನು ನೋಡುವವನು ಇಲ್ಲಿಯ ಗಾಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದು. ಸೂರ್ಯೋದಯಕ್ಕೆ ಮುಂಚೆ ಗಾಳಿಯ ತೇವಾಂಶ ಇಲ್ಲಿ ಶೇಕಡಾ 90ನ್ನು ಮೀರುತ್ತದೆ. ಮಳೆಯಿಲ್ಲದ ಮಧ್ಯಾಹ್ನದಲ್ಲಿ 60ರ ಹತ್ತಿರಕ್ಕೆ ಇಳಿಯುತ್ತದೆ. ತೇವದ ಹೊತ್ತಿನಲ್ಲಿ ಡಬ್ಬಿಯಿಂದ ಸಿಂಪಡಿಸಿದ ವಾರ್ನಿಶ್ ಬೆಳ್ಳಗೆ ಮಂಜುಗಟ್ಟಿ, ವಾರಗಟ್ಟಲೆಯ ಶ್ರಮವನ್ನು ಕೆಡಿಸಬಲ್ಲುದು. ಎಚ್‌ಡಿಬಿ ಎಂಬ ಸರ್ಕಾರಿ ವಸತಿ ಸೌಧಗಳ ನಿವಾಸಿಗೆ ಅಂಗಳವೆಂಬುದಿಲ್ಲ. ಮನೆಯ ಮುಂದಿನ ಕಾರಿಡಾರು ನೆರೆಹೊರೆಯವರೆಲ್ಲರ ದಾರಿ, ಅಲ್ಲಿ ವಾಸನೆ ಹಬ್ಬಿಸುವುದು ಸಭ್ಯತೆಯಲ್ಲ. ಆದ್ದರಿಂದ ಏರ್‌ಬ್ರಶ್ಶಿನಿಂದಲೋ ಕುಂಚದಿಂದಲೋ ಲೇಪ ಕೊಡುವುದು ಇಲ್ಲಿ ವಿವೇಕದ ಮಾರ್ಗ. ಹಾಗೆಂದು ತೇವವು ಕೇವಲ ಶತ್ರುವಲ್ಲ: ಆಕ್ರಿಲಿಕ್ ಬಣ್ಣ ತಡವಾಗಿ ಒಣಗುವುದರಿಂದ, ಒಂದು ವರ್ಣವನ್ನು ಇನ್ನೊಂದರಲ್ಲಿ ಕರಗಿಸಲು ಕುಂಚಕ್ಕೆ ಕೊಂಚ ಹೆಚ್ಚು ಅವಕಾಶ ಸಿಕ್ಕುತ್ತದೆ. ನಿಲುವಂಗಿಯ ಕೆಂಪು ಎಲ್ಲಿ ಮುಗಿದು ನೆರಳು ಎಲ್ಲಿ ಮೊದಲಾಯಿತೆಂದು ಗುರುತಿಸಲಾಗದಿದ್ದರೆ ಅದರ ಒಂದು ಪಾಲು ಪುಣ್ಯ ಈ ಹವೆಗೂ ಸಲ್ಲಬಹುದು.

ಫೋನಿನ ಚಿತ್ರವನ್ನು ನೋಡಿ ತೀರ್ಪು ಕೊಡುವುದು ಮಾತ್ರ ಕೂಡದು. ಅಂಗುಲದ ಸೈನಿಕನು ಅಲ್ಲಿ ಗೇಣುದ್ದವಾಗುತ್ತಾನೆ. ಎರಡು ಅಡಿಗಳಿಂದ ಖಡ್ಗದ ತೀಕ್ಷ್ಣ ಧಾರೆಯಾಗಿ ಕಾಣುತ್ತಿದ್ದ ಬಿಳಿಯ ಗೆರೆ ಅಲ್ಲಿ ಒರಟು ಪಟ್ಟಿಯಾಗಿ ತೋರುತ್ತದೆ. ಯಾವ ದೂರಕ್ಕೂ ಸೇರದ ನೋಟವದು.

ಗಿರಾಕಿಯ ಕೆಲಸದಲ್ಲಿ ಚಿತ್ರಕಾರನ ಸ್ವಾತಂತ್ರ್ಯ ಅಲ್ಪವೆಂಬುದನ್ನೂ ಮರೆಯಬಾರದು. ಬೇಲೂರಿನ ಶಿಲ್ಪಿ ದಾಸೋಜನು ರಾಜಾಶ್ರಯದ ದೇಗುಲದಲ್ಲಿ ಕೆಲಸ ಮಾಡಿಯೂ ತನ್ನ ಹೆಸರನ್ನೂ ತನ್ನ ಊರಾದ ಬಳ್ಳಿಗಾವೆಯ ಹೆಸರನ್ನೂ ಮದನಿಕೆಯ ಪೀಠದಲ್ಲಿ ಕೆತ್ತಿದನು. ಈ ಚಿತ್ರಕಾರನು ಸಹಿ ಹಾಕುವುದಾದರೆ ಬೇಸಿನ ಅಡಿಯಲ್ಲಿ, ಯಾರೂ ನೋಡದ ಕಡೆ. ಸೇನೆಯ ಬಣ್ಣಗಳು ಗಿರಾಕಿಯವು, ಭಂಗಿ ಶಿಲ್ಪಿಯದು. ಚಿತ್ರಕಾರನದಾಗಿ ಉಳಿಯುವುದು ಶ್ರದ್ಧೆಯ ಸಮತೆಯೊಂದೇ. ಸೇನಾಪತಿಯ ಮೇಲೆ ಕೌಶಲವನ್ನೆಲ್ಲ ಸುರಿಯುವುದು ಸುಲಭ, ಅಲ್ಲಿ ಉತ್ಸಾಹವೇ ಕೈಹಿಡಿದು ನಡೆಸುತ್ತದೆ. ಅದೇ ಅಂಗಿ, ಅದೇ ಪಟ್ಟಿ, ಅದೇ ಬೂಟುಗಳನ್ನು ನಲವತ್ತನೆಯ ಸಲ ಬರೆಯುವಾಗ ಉತ್ಸಾಹವು ನೆರವಿಗೆ ಬಾರದು. ಆದುದರಿಂದ ಸೇನೆಯೊಂದನ್ನು ನಿಮ್ಮ ಮುಂದಿಟ್ಟಾಗ ಸೇನಾಪತಿಯನ್ನು ಹೊಗಳುವುದಕ್ಕೆ ಮುಂಚೆ ಹಿಂದಿನ ಸಾಲಿನ ಯಾರಾದರೊಬ್ಬನನ್ನು ಎತ್ತಿ, ಅವನ ಬೆನ್ನನ್ನು ನೋಡಿರಿ. ಅಲ್ಲಿಯೂ ನೆರಳು ತನ್ನ ಸ್ಥಾನದಲ್ಲಿದ್ದರೆ, ಮಿಕ್ಕವರನ್ನು ಪರೀಕ್ಷಿಸದೆಯೇ ಮೆಚ್ಚಬಹುದು.